ಸುಪ್ರೀಂ ಕೋರ್ಟು ಯಾರ ಕಡೆ? ಪಕ್ಷ ರಾಜಕೀಯ, ಜನರ ನಂಬಿಕೆ ಮತ್ತು ಮುಂಬಯಿಯ ಪಾಠಗಳು

2019ರ ಜುಲೈ 10ರಂದು ಮುಂಬಯಿಯ ಪವಾಯಿಯಲ್ಲಿ, ರಿನೈಸಾನ್ಸ್ ಹೋಟೆಲಿನ ಗೇಟಿನೆದುರು, ಕರ್ನಾಟಕದ ಸಚಿವ ಡಿ.ಕೆ. ಶಿವಕುಮಾರ್ ಮಳೆಯಲ್ಲಿ ಗಂಟೆಗಟ್ಟಲೆ ಕಾದರು. ರಾಜೀನಾಮೆ ಬರೆದುಕೊಟ್ಟು ಬಂದಿದ್ದ ಕಾಂಗ್ರೆಸ್–ಜೆಡಿಎಸ್ ಶಾಸಕರು ಒಳಗಿದ್ದರು. ಸಚಿವರನ್ನು ಒಳಗೆ ಬಿಡದ ಪೊಲೀಸರು ಕೊನೆಗೆ ಅವರನ್ನೇ ವಶಕ್ಕೆ ಪಡೆದರು. ಟಿವಿ ಕ್ಯಾಮೆರಾಗಳೆಲ್ಲ ಪವಾಯಿಯಲ್ಲಿದ್ದವು, ತೀರ್ಮಾನ ಆಗಬೇಕಾಗಿದ್ದದ್ದು ದೆಹಲಿಯಲ್ಲಿ. ಜುಲೈ 17ರಂದು ಸುಪ್ರೀಂ ಕೋರ್ಟು ಮಧ್ಯಂತರ ಆದೇಶ ಕೊಟ್ಟಿತು: ರಾಜೀನಾಮೆಗಳ ಬಗ್ಗೆ ಸ್ಪೀಕರ್ ತಮಗೆ ಸರಿಕಂಡ ಸಮಯದೊಳಗೆ ತೀರ್ಮಾನಿಸಲಿ, ಆದರೆ ಈ 15 ಶಾಸಕರನ್ನು ಸದನಕ್ಕೆ ಬರಲೇಬೇಕೆಂದು ಬಲವಂತ ಮಾಡುವಂತಿಲ್ಲ. ಅಲ್ಲಿಗೆ ವಿಪ್‌ನ ಹಲ್ಲು ಕಿತ್ತಂತಾಯಿತು. ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ ಬಿತ್ತು.

ಈ ಆದೇಶವನ್ನು ಇಂಥವೇ ಇನ್ನು ಮೂರರ ಪಕ್ಕ ಇಟ್ಟು ನೋಡಬೇಕು. 2018ರ ಮೇ 17ರ ನಡುರಾತ್ರಿಯಿಂದ ನಸುಕಿನವರೆಗೆ ಕುಳಿತ ಪೀಠ ಯಡಿಯೂರಪ್ಪನವರ ಪ್ರಮಾಣವಚನಕ್ಕೆ ತಡೆ ಕೊಡಲಿಲ್ಲ. ಆದರೆ ರಾಜ್ಯಪಾಲರು ಬಹುಮತ ಸಾಬೀತಿಗೆ ಕೊಟ್ಟಿದ್ದ 15 ದಿನಗಳನ್ನು ಮರುದಿನವೇ ಮೊಟಕುಗೊಳಿಸಿತು. ಮೇ 19ರಂದು ಯಡಿಯೂರಪ್ಪ ರಾಜೀನಾಮೆ ಕೊಟ್ಟರು. 2019ರ ನವೆಂಬರ್ 23ರ ಬೆಳ್ಳಂಬೆಳಿಗ್ಗೆ ಮುಂಬಯಿಯ ರಾಜಭವನದಲ್ಲಿ ದೇವೇಂದ್ರ ಫಡಣವೀಸ್ ಮತ್ತು ಅಜಿತ್ ಪವಾರ್ ಪ್ರಮಾಣ ಸ್ವೀಕರಿಸಿದಾಗ ಕೋರ್ಟು ಭಾನುವಾರವೂ ಕುಳಿತು ವಿಚಾರಣೆ ನಡೆಸಿತು. 26ರಂದು ಅದು ಬಹುಮತ ಸಾಬೀತಿಗೆ ಆದೇಶಿಸಿತು, ಅಂದೇ ಫಡಣವೀಸ್ ಕೆಳಗಿಳಿದರು. 2022ರ ಜೂನ್ 29ರ ರಾತ್ರಿ ವಿಶ್ವಾಸಮತಕ್ಕೆ ತಡೆ ಕೊಡಲು ಕೋರ್ಟು ನಿರಾಕರಿಸಿತು, ಉದ್ಧವ್ ಠಾಕ್ರೆ ಅದೇ ರಾತ್ರಿ ರಾಜೀನಾಮೆ ಘೋಷಿಸಿದರು.

ಹೀಗೆ ನಾಲ್ಕು ವರ್ಷಗಳಲ್ಲಿ ನಾಲ್ಕು ಆದೇಶಗಳು. ಪ್ರತಿ ಸಲವೂ ಗೆದ್ದ ಪಕ್ಷ 'ಸಂವಿಧಾನ ಉಳಿಯಿತು' ಎಂದಿತು, ಸೋತ ಪಕ್ಷದ ಬೆಂಬಲಿಗರು ಕೋರ್ಟಿನ ಮೇಲೆ ಅನುಮಾನ ತೋಡಿಕೊಂಡರು. ಹಿಂದಿನ ಸಲ ಹೊಗಳಿದವರೇ ಮುಂದಿನ ಸಲ ತೆಗಳಿದರು. ಹಾಗಾದರೆ ವಾಲುತ್ತಿರುವುದು ಕೋರ್ಟೋ, ನೋಡುವವರ ಕಣ್ಣೋ? ಎರಡೂ ಇರಬಹುದಾದರೆ ಬಿಡಿಸಿ ನೋಡುವುದು ಹೇಗೆ? ಈ ಪ್ರಶ್ನೆಗೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ, ಅದರ ಬಹುಭಾಗ ಮುಂಬಯಿಯ ಮೂಲಕವೇ ಹಾದುಹೋಗುತ್ತದೆ.

ಹಿನ್ನೆಲೆ: ತಿಲಕರ ಕಟಕಟೆಯಿಂದ ಸೆಟಲ್ವಾಡರ ವರದಿಯವರೆಗೆ

ಓವಲ್ ಮೈದಾನದ ಪಕ್ಕದ ಬಾಂಬೆ ಹೈಕೋರ್ಟಿನಲ್ಲಿ 1908ರ ಜುಲೈನಲ್ಲಿ ಬಾಲಗಂಗಾಧರ ತಿಲಕರ ಮೇಲೆ ರಾಜದ್ರೋಹದ ವಿಚಾರಣೆ ನಡೆಯಿತು. ಒಂಬತ್ತು ಮಂದಿಯ ಜ್ಯೂರಿಯಲ್ಲಿ ಏಳು ಜನ ಯುರೋಪಿಯನ್ನರು, ಇಬ್ಬರು ಪಾರ್ಸಿಗಳು. ತೀರ್ಪು ಬಂದದ್ದು ಏಳಕ್ಕೆ ಎರಡರಂತೆ. ಆರು ವರ್ಷ ಗಡೀಪಾರು ಶಿಕ್ಷೆ ಓದಿದ ನ್ಯಾಯಮೂರ್ತಿ ದಿನ್‌ಶಾ ದಾವರ್ ಹಿಂದೊಮ್ಮೆ ತಿಲಕರ ಪರವಾಗಿಯೇ ವಾದಿಸಿದ್ದ ವಕೀಲ. ಗಿರಣಿ ಕಾರ್ಮಿಕರು ಆರು ವರ್ಷಕ್ಕೆ ಆರು ದಿನವೆಂಬಂತೆ ಮುಷ್ಕರ ಹೂಡಿದರು. ಅಂದು ಕೋರ್ಟು ಸರ್ಕಾರದ್ದೇ ಎಂಬುದರಲ್ಲಿ ಪರೇಲ್–ಲಾಲ್‌ಬಾಗಿನ ಕಾರ್ಮಿಕನಿಗೆ ಯಾವ ಅನುಮಾನವೂ ಇರಲಿಲ್ಲ. 1956ರಲ್ಲಿ ಅದೇ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ತಿಲಕರ ಮಾತುಗಳಿರುವ ಅಮೃತಶಿಲೆಯ ಫಲಕವನ್ನು ಅನಾವರಣಗೊಳಿಸಿದರು. ಸ್ವತಂತ್ರ ದೇಶದ ನ್ಯಾಯಾಲಯ ತನ್ನ ಹಳೆಯ ಪಕ್ಷಪಾತವನ್ನು ಬಹಿರಂಗವಾಗಿ ಒಪ್ಪಿಕೊಂಡ ಅಪರೂಪದ ಘಟನೆ ಅದು.

ಸಂವಿಧಾನ ಜಾರಿಯಾದ ಮೊದಲ ವರ್ಷವೇ ಮುಂಬಯಿಯಿಂದ ಹೊರಡುತ್ತಿದ್ದ 'ಕ್ರಾಸ್ ರೋಡ್ಸ್' ವಾರಪತ್ರಿಕೆಯ ಮೇಲಿನ ಮದ್ರಾಸ್ ಸರ್ಕಾರದ ನಿಷೇಧವನ್ನು ಸುಪ್ರೀಂ ಕೋರ್ಟು ರದ್ದುಮಾಡಿತು. ಸಂಸತ್ತು ಮರುವರ್ಷ ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದಿತು. ಕೋರ್ಟು ಮತ್ತು ಸರ್ಕಾರದ ಹಗ್ಗಜಗ್ಗಾಟ ಅಲ್ಲಿಂದಲೇ ಶುರು. ಆದರೂ ಆ ದಶಕದಲ್ಲಿ ಯಾರೂ ನ್ಯಾಯಮೂರ್ತಿಗಳನ್ನು ಪಕ್ಷದ ಬಣ್ಣದಲ್ಲಿ ನೋಡುತ್ತಿರಲಿಲ್ಲ.

ಆದರೆ ಆಗಲೇ ಒಂದು ಎಚ್ಚರಿಕೆ ಬಂದಿತ್ತು. ಮುಂಬಯಿಯ ವಕೀಲ, ದೇಶದ ಮೊದಲ ಅಟಾರ್ನಿ ಜನರಲ್ ಎಂ.ಸಿ. ಸೆಟಲ್ವಾಡರ ಅಧ್ಯಕ್ಷತೆಯ ಕಾನೂನು ಆಯೋಗ 1958ರ ತನ್ನ 14ನೇ ವರದಿಯಲ್ಲಿ, ನಿವೃತ್ತ ನ್ಯಾಯಮೂರ್ತಿಗಳು ಸರ್ಕಾರ ಕೊಡುವ ಹುದ್ದೆ ಹಿಡಿಯಬಾರದು ಎಂದಿತು. ಆ ಆಯೋಗದ ಸದಸ್ಯರಲ್ಲೊಬ್ಬರಾಗಿದ್ದ ಛಾಗ್ಲಾ ಅದೇ ವರ್ಷ ಹೈಕೋರ್ಟು ಬಿಟ್ಟು ಅಮೆರಿಕದ ರಾಯಭಾರಿಯಾದರು, ಮುಂದೆ ಕೇಂದ್ರದ ಶಿಕ್ಷಣ ಸಚಿವರೂ ಆದರು. ಇದು ಸೆಟಲ್ವಾಡರಿಗೆ ಸಹನೆಯಾಗಲಿಲ್ಲ. ಛಾಗ್ಲಾ ಭ್ರಷ್ಟರೆಂದು ಯಾರೂ ಹೇಳಿರಲಿಲ್ಲ, ಹಾಗಾಗಿಯೇ ಈ ಉದಾಹರಣೆ ಇಂದಿಗೂ ಚುಚ್ಚುತ್ತದೆ.

1970–77: ನಂಬಿಕೆ ಮುರಿದ ವರ್ಷಗಳು

ಸರ್ಕಾರ ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದಾಗ ಅದನ್ನು ಪ್ರಶ್ನಿಸಿದವರು ಮುಂಬಯಿಯ ರುಸ್ತುಂ ಕಾವಸ್‌ಜಿ ಕೂಪರ್. ಅವರು ಬ್ಯಾಂಕಿನ ಷೇರುದಾರರು, ಜೊತೆಗೆ ಸ್ವತಂತ್ರ ಪಕ್ಷದ ಮುಖಂಡರು. ವಾದಿಸಿದವರು ಮುಂಬಯಿಯ ನಾನಿ ಪಾಲ್ಖಿವಾಲಾ. 1970ರ ಫೆಬ್ರವರಿ 10ರಂದು ಹನ್ನೊಂದು ನ್ಯಾಯಮೂರ್ತಿಗಳಲ್ಲಿ ಹತ್ತು ಮಂದಿ ಕಾಯ್ದೆಯನ್ನು ಅಸಿಂಧುಗೊಳಿಸಿದರು. ಭಿನ್ನಮತ ಬರೆದವರು ಎ.ಎನ್. ರೇ ಒಬ್ಬರೇ. ಅದೇ ವರ್ಷ ರಾಜಧನದ ಪ್ರಕರಣದಲ್ಲೂ ಸರ್ಕಾರ ಸೋತಿತು. 'ಬಡವರ ಪರ ಸರ್ಕಾರ, ಶ್ರೀಮಂತರ ಪರ ಕೋರ್ಟು' ಎಂಬ ಭಾವನೆ 1971ರ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರಿಗೆ ನೆರವಾಯಿತು. ಕೋರ್ಟಿನ ಮೇಲಿನ ಅಪನಂಬಿಕೆ ಮೊದಲ ಬಾರಿಗೆ ಮತದ ಸರಕಾದದ್ದು ಆಗ.

ಮುಂದಿನ ಅಧ್ಯಾಯದಲ್ಲಿ ಕನ್ನಡ ನಾಡಿನ ಇಬ್ಬರಿದ್ದಾರೆ. ಒಬ್ಬರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ. ಮಠದ ಭೂಮಿಗಾಗಿ ಅವರು ಹಾಕಿದ ಅರ್ಜಿಯ ಮೇಲೆ 13 ನ್ಯಾಯಮೂರ್ತಿಗಳ ಪೀಠ 68 ದಿನ ವಾದ ಕೇಳಿ, 1973ರ ಏಪ್ರಿಲ್ 24ರಂದು ಏಳಕ್ಕೆ ಆರರಂತೆ ಸಂವಿಧಾನದ ಮೂಲ ಸ್ವರೂಪಕ್ಕೆ ಸಂಸತ್ತೂ ಕೈಹಾಕುವಂತಿಲ್ಲ ಎಂದಿತು. ಇನ್ನೊಬ್ಬರು ಆ ಬಹುಮತದಲ್ಲಿದ್ದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ. ತೀರ್ಪಿನ ಮರುದಿನವೇ ಸರ್ಕಾರ ಜೆ.ಎಂ. ಶೆಲತ್, ಹೆಗ್ಡೆ, ಎ.ಎನ್. ಗ್ರೋವರ್ ಮೂವರನ್ನೂ ಹಿಂದಿಕ್ಕಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು. ಆಗ ಕೇಂದ್ರದ ಕಾನೂನು ಸಚಿವರಾಗಿದ್ದವರು ಎಚ್.ಆರ್. ಗೋಖಲೆ, ಹಿಂದೆ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದವರು, ಬಾಂಬೆ ವಾಯವ್ಯ ಕ್ಷೇತ್ರದ ಸಂಸದ.

1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂದಾಗ ಬೆಂಗಳೂರಿನಲ್ಲಿ ಬಂಧಿತರಾದ ವಾಜಪೇಯಿ, ಆಡ್ವಾಣಿ, ಶ್ಯಾಮನಂದನ ಮಿಶ್ರ, ಮುಂಬಯಿಯ ಸಿದ್ಧಾರ್ಥ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದ್ದ ಮಧು ದಂಡವತೆ ತಮ್ಮ ಬಂಧನವನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟಿನ ಮೊರೆಹೋದರು. ಇಂಥ ಅರ್ಜಿಗಳನ್ನು ಕೇಳುವ ಅಧಿಕಾರ ತನಗಿದೆ ಎಂದು ಆ ಕೋರ್ಟು ಹೇಳಿತು. ಬೇರೆ ಹಲವು ಹೈಕೋರ್ಟುಗಳೂ ಹಾಗೆಯೇ ಹೇಳಿದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಅವನ್ನೆಲ್ಲ ಅಳಿಸಿಹಾಕಿತು. ಸರ್ಕಾರದ ಪರ ನಿಂತ ನಾಲ್ವರಲ್ಲಿ ಬಾಂಬೆ ಹೈಕೋರ್ಟಿನಿಂದ ಬಂದ ವೈ.ವಿ. ಚಂದ್ರಚೂಡ್ ಒಬ್ಬರು. ಒಂಟಿಯಾಗಿ ಭಿನ್ನಮತ ಬರೆದ ಎಚ್.ಆರ್. ಖನ್ನಾ ಅವರಿಗೆ ಮರುವರ್ಷ ಮುಖ್ಯ ನ್ಯಾಯಮೂರ್ತಿ ಹುದ್ದೆ ತಪ್ಪಿತು. ಕರ್ನಾಟಕದ ಡಿ.ಎಂ. ಚಂದ್ರಶೇಖರ್ ಮತ್ತು ಎಂ. ಸದಾನಂದಸ್ವಾಮಿ ಸೇರಿ 16 ನ್ಯಾಯಮೂರ್ತಿಗಳ ವರ್ಗಾವಣೆಯಾಯಿತು. ಬಾಂಬೆ ಹೈಕೋರ್ಟಿನ ಹೆಚ್ಚುವರಿ ನ್ಯಾಯಮೂರ್ತಿ ಯು.ಆರ್. ಲಲಿತ್ ಅವರನ್ನು ಕಾಯಂ ಮಾಡಲಿಲ್ಲ.

1977ರಲ್ಲಿ ಜನ ಉತ್ತರ ಕೊಟ್ಟರು. ಮುಂಬಯಿಯಲ್ಲಿ ಕಾನೂನು ಸಚಿವ ಗೋಖಲೆಯವರನ್ನು ವಕೀಲ ರಾಮ್ ಜೇಠ್ಮಲಾನಿ ಸೋಲಿಸಿದರು. ಬೆಂಗಳೂರು ದಕ್ಷಿಣದಿಂದ ಜನತಾ ಪಕ್ಷದ ಟಿಕೆಟ್ಟಿನಲ್ಲಿ ಗೆದ್ದ ಕೆ.ಎಸ್. ಹೆಗ್ಡೆ ಲೋಕಸಭೆಯ ಸ್ಪೀಕರ್ ಆದರು. ಇಲ್ಲೊಂದು ಗಂಟಿದೆ. ಹೆಗ್ಡೆಯವರು 1952ರಿಂದ 57ರವರೆಗೆ ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯರು. ಅಲ್ಲಿಂದ ನೇರವಾಗಿ ಮೈಸೂರು ಹೈಕೋರ್ಟಿನ ಪೀಠಕ್ಕೆ ಬಂದವರು. ಪಕ್ಷದಿಂದ ಬಂದು, ಅದೇ ಪಕ್ಷದ ಸರ್ಕಾರದ ವಿರುದ್ಧ ತೀರ್ಪಿಟ್ಟು, ಬೆಲೆ ತೆತ್ತು, ಎದುರು ಪಕ್ಷ ಸೇರಿದ ಈ ಒಬ್ಬರ ಬದುಕು, ಮುಂದೆ ಹೇಳುವ ಎಲ್ಲ ಸಿದ್ಧಾಂತಗಳಿಗೂ ತೊಡಕು ತರುತ್ತದೆ.

ಕೋರ್ಟು ಜನರತ್ತ ತಿರುಗಿದ್ದು

ತುರ್ತು ಪರಿಸ್ಥಿತಿಯ ಕಳಂಕವನ್ನು ಸುಪ್ರೀಂ ಕೋರ್ಟು ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳ ಮೂಲಕ ತೊಳೆದುಕೊಂಡಿತು ಎಂಬುದು ಉಪೇಂದ್ರ ಬಕ್ಷಿಯವರಂಥ ಕಾನೂನು ವಿದ್ವಾಂಸರ ವಿಶ್ಲೇಷಣೆ. ಇದಕ್ಕೂ ಮುಂಬಯಿಯಲ್ಲೇ ಒಳ್ಳೆಯ ಉದಾಹರಣೆಯಿದೆ. 1981ರ ಮಳೆಗಾಲದಲ್ಲಿ ಮುಖ್ಯಮಂತ್ರಿ ಎ.ಆರ್. ಅಂತುಲೆ ಫುಟ್‌ಪಾತ್ ನಿವಾಸಿಗಳನ್ನು ನಗರದಿಂದ ಹೊರಹಾಕುವುದಾಗಿ ಘೋಷಿಸಿದರು. ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಮತ್ತಿತರರು ಕೋರ್ಟಿಗೆ ಹೋದರು. 1985ರ ಜುಲೈ 10ರಂದು ತೀರ್ಪು ಬಂತು: ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ. ಆದರೆ ಅಕ್ಟೋಬರ್ 31ರ ನಂತರ, ಮಳೆ ನಿಂತ ಮೇಲೆ, ತೆರವು ಮಾಡಬಹುದು. ತತ್ತ್ವದಲ್ಲಿ ಬಡವರಿಗೆ ಗೆಲುವು, ಗುಡಿಸಲಿನ ಮಟ್ಟಿಗೆ ಪಾಲಿಕೆಗೆ ಗೆಲುವು. ಈ ತೀರ್ಪು ಬರೆದವರು ಅದೇ ವೈ.ವಿ. ಚಂದ್ರಚೂಡ್. ಪಕ್ಷದ ಗೆರೆಯಾಚೆ ಕೋರ್ಟು ತನ್ನದೇ ಆದ ಜನಬೆಂಬಲ ಕಟ್ಟಿಕೊಂಡದ್ದು ಈ ಕಾಲದಲ್ಲಿ. 1994ರ ಎಸ್.ಆರ್. ಬೊಮ್ಮಾಯಿ ತೀರ್ಪು ರಾಜ್ಯ ಸರ್ಕಾರಗಳನ್ನು ಮನಬಂದಂತೆ ವಜಾಮಾಡುವ ಕೇಂದ್ರದ ಚಾಳಿಗೆ ಲಗಾಮು ಹಾಕಿದಾಗ ಆ ಬೆಂಬಲ ಇನ್ನಷ್ಟು ಗಟ್ಟಿಯಾಯಿತು.

ಮೊದಲ ವಾದ: ನೇಮಕದಲ್ಲೇ ರೋಗ

ನ್ಯಾಯಮೂರ್ತಿಗಳನ್ನು ಯಾರು ಆರಿಸುತ್ತಾರೋ ಅವರ ಕಡೆಗೆ ಕೋರ್ಟು ವಾಲುತ್ತದೆ ಎಂಬುದು ಅತಿ ಹಳೆಯ ವಾದ. 1973 ಮತ್ತು 1977ರ ಅನುಭವ ಇದರ ಆಧಾರ. 1981ರಲ್ಲಿ ಹೆಚ್ಚುವರಿ ನ್ಯಾಯಮೂರ್ತಿಗಳ ವರ್ಗಾವಣೆಗೆ ಒಪ್ಪಿಗೆ ಕೇಳಿ ಕಾನೂನು ಸಚಿವರು ಬರೆದ ಸುತ್ತೋಲೆಯನ್ನು ಮುಂಬಯಿಯಲ್ಲಿ ಪ್ರಶ್ನಿಸಿದವರು ವಕೀಲ ಇಕ್ಬಾಲ್ ಛಾಗ್ಲಾ, ಎಂ.ಸಿ. ಛಾಗ್ಲಾರ ಮಗ. ಆ ಸುತ್ತಿನಲ್ಲಿ ಸರ್ಕಾರ ಗೆದ್ದಿತು. 1993 ಮತ್ತು 1998ರಲ್ಲಿ ನೇಮಕದ ಅಧಿಕಾರ ಹಿರಿಯ ನ್ಯಾಯಮೂರ್ತಿಗಳ ಕೊಲಿಜಿಯಂ ಕೈಗೆ ಬಂತು. 2015ರ ಅಕ್ಟೋಬರ್ 16ರಂದು ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗವನ್ನು ಕೋರ್ಟು ನಾಲ್ಕಕ್ಕೆ ಒಂದರಂತೆ ತಳ್ಳಿಹಾಕಿತು.

ಕೊಲಿಜಿಯಂ ಬಂದ ಮೇಲೂ ಅನುಮಾನ ಹೋಗಲಿಲ್ಲ. ಬಾಂಬೆ ಹೈಕೋರ್ಟಿನ ಎರಡು ನೇಮಕಗಳನ್ನು ನೋಡಿ. ವಕೀಲ ಸೋಮಶೇಖರ್ ಸುಂದರೇಶನ್ ಅವರ ಹೆಸರು 2022ರ ಫೆಬ್ರವರಿಯಲ್ಲಿ ಶಿಫಾರಸಾಯಿತು. ಸಾಮಾಜಿಕ ಜಾಲತಾಣದಲ್ಲಿ ಅಭಿಪ್ರಾಯ ಹೇಳಿದ್ದಾರೆಂದು ಕೇಂದ್ರ ಆಕ್ಷೇಪಿಸಿತು. ಅಭಿಪ್ರಾಯ ಹೇಳಿದ ಮಾತ್ರಕ್ಕೆ ಅನರ್ಹರಾಗುವುದಿಲ್ಲ ಎಂದು 2023ರ ಜನವರಿಯಲ್ಲಿ ಕೊಲಿಜಿಯಂ ಮತ್ತೆ ಹೆಸರು ಕಳಿಸಿತು, ನೇಮಕವಾದದ್ದು ನವೆಂಬರ್‌ನಲ್ಲಿ. ಇತ್ತ ಮಹಾರಾಷ್ಟ್ರ ಬಿಜೆಪಿಯ ವಕ್ತಾರೆಯಾಗಿದ್ದ ವಕೀಲೆ ಆರತಿ ಸಾಠೆ ಅವರ ಹೆಸರನ್ನು ಕೊಲಿಜಿಯಂ 2025ರ ಜುಲೈ ಕೊನೆಗೆ ಒಪ್ಪಿತು, ಆಗಸ್ಟ್‌ನಲ್ಲಿ ನೇಮಕ ಮುಗಿಯಿತು. ಅವರು ಪಕ್ಷ ಬಿಟ್ಟು ಕಾಲವಾಗಿದೆ ಎಂದು ಒಂದು ಕಡೆ ಹೇಳಿತು. ಎರಡು ಕಡತಗಳು ಎರಡು ವೇಗದಲ್ಲಿ ಓಡಿದ್ದೇಕೆ ಎಂದು ಇನ್ನೊಂದು ಕಡೆ ಕೇಳಿತು.

ಈ ವಾದ 70ರ ದಶಕವನ್ನು ಚೆನ್ನಾಗಿ ವಿವರಿಸುತ್ತದೆ. ಆದರೆ ಹೆಗ್ಡೆಯವರನ್ನು ವಿವರಿಸುವುದಿಲ್ಲ. ಕೇರಳದ ಕಮ್ಯುನಿಸ್ಟ್ ನೇತೃತ್ವದ ಸರ್ಕಾರದಲ್ಲಿ ಸಚಿವರಾಗಿದ್ದ ವಿ.ಆರ್. ಕೃಷ್ಣ ಅಯ್ಯರ್ ಎಲ್ಲ ಪಕ್ಷದವರ ಗೌರವ ಗಳಿಸಿದ್ದನ್ನೂ ವಿವರಿಸುವುದಿಲ್ಲ. ರಿಪಬ್ಲಿಕನ್ ನಾಯಕ ಆರ್.ಎಸ್. ಗವಾಯಿಯವರ ಮಗ ಬಿ.ಆರ್. ಗವಾಯಿ 2023ರಲ್ಲಿ ರಾಹುಲ್ ಗಾಂಧಿಯವರ ಪ್ರಕರಣ ಬಂದಾಗ ತಮ್ಮ ಮನೆಯ ರಾಜಕೀಯ ನಂಟನ್ನು ತೆರೆದ ಕೋರ್ಟಿನಲ್ಲೇ ಹೇಳಿ, ತಾವು ಪೀಠದಲ್ಲಿರಲು ಆಕ್ಷೇಪವಿದೆಯೇ ಎಂದು ಎರಡೂ ಕಡೆಯವರನ್ನು ಕೇಳಿದರು. ಹಿನ್ನೆಲೆ ಮುಚ್ಚಿಡದಿದ್ದರೆ ಅರ್ಧ ಅನುಮಾನ ಅಲ್ಲಿಗೇ ಕರಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಎರಡನೆಯ ವಾದ: ನಿವೃತ್ತಿಯ ನಂತರದ ಆಸೆ

ಬರುವಾಗಿನ ಬಣ್ಣಕ್ಕಿಂತ ಹೋಗುವಾಗಿನ ಆಮಿಷ ದೊಡ್ಡದು ಎನ್ನುತ್ತದೆ ಎರಡನೆಯ ವಾದ. ಸೆಟಲ್ವಾಡರು ಹಿಡಿದದ್ದು ಇದನ್ನೇ. ಬಹರುಲ್ ಇಸ್ಲಾಂ 1983ರಲ್ಲಿ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಕೊಟ್ಟು ಕಾಂಗ್ರೆಸ್ ರಾಜಕಾರಣಕ್ಕೆ ಮರಳಿದರು. ಮುಖ್ಯ ನ್ಯಾಯಮೂರ್ತಿಯಾಗಿದ್ದ ರಂಜನ್ ಗೊಗೊಯ್ ನಿವೃತ್ತರಾದ ನಾಲ್ಕು ತಿಂಗಳಲ್ಲಿ, 2020ರ ಮಾರ್ಚ್‌ನಲ್ಲಿ, ರಾಜ್ಯಸಭೆಗೆ ನಾಮನಿರ್ದೇಶನಗೊಂಡರು. ದಕ್ಷಿಣ ಕನ್ನಡದ ಎಸ್. ಅಬ್ದುಲ್ ನಜೀರ್ 2023ರ ಜನವರಿ 4ರಂದು ನಿವೃತ್ತರಾದರು, ಮರುತಿಂಗಳೇ ಆಂಧ್ರಪ್ರದೇಶದ ರಾಜ್ಯಪಾಲರಾದರು. ಗೊಗೊಯ್, ನಜೀರ್ ಇಬ್ಬರೂ ಅಯೋಧ್ಯೆ ತೀರ್ಪಿನ ಪೀಠದಲ್ಲಿದ್ದವರು. 1999ರಿಂದ 2014ರವರೆಗಿನ ಸುಪ್ರೀಂ ಕೋರ್ಟು ತೀರ್ಪುಗಳನ್ನು ಅರ್ಥಶಾಸ್ತ್ರಜ್ಞ ಮಾಧವ್ ಅಣೆ ಮತ್ತು ಸಂಗಡಿಗರು ಅಧ್ಯಯನ ಮಾಡಿದ್ದಾರೆ. ಹುದ್ದೆ ಕೊಡುವ ಸ್ಥಿತಿಯಲ್ಲಿ ಸರ್ಕಾರ ಇರುವಾಗ ನಿವೃತ್ತಿಯ ಹತ್ತಿರ ಇರುವವರು ಸರ್ಕಾರದ ಪರ ತೀರ್ಪು ಬರೆಯುವ ಸಂಭವ ಹೆಚ್ಚು ಎಂಬುದು ಅವರು ಕಂಡದ್ದು.

ಇದೇ ವಾದದ ವಿಸ್ತರಣೆ, ಹುದ್ದೆಯಲ್ಲಿದ್ದಾಗಿನ ಒಡನಾಟದ ಪ್ರಶ್ನೆ. 2024ರ ಸೆಪ್ಟೆಂಬರ್ 11ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ದೆಹಲಿಯ ಮನೆಯ ಗಣೇಶ ಪೂಜೆಗೆ ಪ್ರಧಾನಿ ಮರಾಠಿ ಟೋಪಿ ಧರಿಸಿ ಹೋದರು, ಆರತಿ ಬೆಳಗಿದ ದೃಶ್ಯ ದೇಶಕ್ಕೆಲ್ಲ ತಲುಪಿತು. ಮನೆಯ ಗಣಪತಿಗೆ ಯಾರು ಬಂದರೂ ಬಾಗಿಲು ತೆರೆಯುವ ಮುಂಬಯಿಗೆ ಆ ಪೂಜೆ ಹೊಸದಲ್ಲ. ಆದರೆ ಶಿವಸೇನೆಯ ಎರಡು ಬಣಗಳ ವ್ಯಾಜ್ಯ ಅದೇ ಕೋರ್ಟಿನಲ್ಲಿ ಬಾಕಿ ಇತ್ತು, ವಿಧಾನಸಭಾ ಚುನಾವಣೆ ಎರಡು ತಿಂಗಳು ದೂರವಿತ್ತು. ಹಾಗಾಗಿ ಉದ್ಧವ್ ಬಣದ ಸಂಜಯ್ ರಾವುತ್ ಬಹಿರಂಗವಾಗಿ ಪ್ರಶ್ನೆ ಎತ್ತಿದರು. ಇಂಥ ಭೇಟಿಗಳಲ್ಲಿ ತೀರ್ಪಿನ ಮಾತು ಬರುವುದಿಲ್ಲ ಎಂದು ಚಂದ್ರಚೂಡ್ ಸಮರ್ಥಿಸಿಕೊಂಡರು. ಚುನಾವಣಾ ಬಾಂಡ್ ಯೋಜನೆಯನ್ನು 2024ರ ಫೆಬ್ರವರಿ 15ರಂದು ಒಮ್ಮತದಿಂದ ರದ್ದುಮಾಡಿದ ಪೀಠದ ಮುಖ್ಯಸ್ಥರೂ ಅವರೇ. ಈ ಎರಡನೆಯ ಸಂಗತಿಯನ್ನು ಆಮಿಷದ ವಾದ ವಿವರಿಸಲಾರದು.

ಮೂರನೆಯ ವಾದ: ಗೆದ್ದವರ ನ್ಯಾಯ, ಸೋತವರ ಅನುಮಾನ

ಕೋರ್ಟು ಹೇಗಿದ್ದರೂ ಜನ ತಮ್ಮ ಪಕ್ಷದ ಕನ್ನಡಕದಲ್ಲೇ ನೋಡುತ್ತಾರೆ ಎಂಬುದು ಮೂರನೆಯದು. ಅಮೆರಿಕದಲ್ಲಿ ಇದರ ಅಧ್ಯಯನ ವಿಪುಲ. ಜೇಮ್ಸ್ ಗಿಬ್ಸನ್ ಮತ್ತು ಗ್ರೆಗರಿ ಕಾಲ್ಡೇರಾ ಅವರ ಪ್ರಕಾರ ನ್ಯಾಯಾಲಯದ ಮೇಲೆ ಜನರಿಗೆ ಆಳವಾದ ಗೌರವದ ಠೇವಣಿ ಇರುತ್ತದೆ. ಒಂದೆರಡು ಒಲ್ಲದ ತೀರ್ಪುಗಳಿಂದ ಅದು ಬರಿದಾಗುವುದಿಲ್ಲ. 2000ದ ಅಧ್ಯಕ್ಷ ಚುನಾವಣೆಯ ಬುಷ್–ಗೋರ್ ತೀರ್ಪಿನ ನಂತರ ಅಮೆರಿಕದ ಕೋರ್ಟು ಕುಸಿಯದಿದ್ದದ್ದು ಇವರ ಪರವಾಗಿದೆ. 2022ರ ಜೂನ್‌ನಲ್ಲಿ ಗ್ಯಾಲಪ್ ಸಮೀಕ್ಷೆಯಲ್ಲಿ ಆ ಕೋರ್ಟಿನ ಮೇಲೆ ಗಟ್ಟಿ ವಿಶ್ವಾಸ ಇದೆ ಎಂದವರು ಶೇ. 25ಕ್ಕೆ ಇಳಿದದ್ದು ಇವರ ವಿರುದ್ಧವಾಗಿದೆ. ಅಲ್ಲಿ ಒಂಬತ್ತೂ ಮಂದಿ ಒಟ್ಟಿಗೆ ಕೂರುತ್ತಾರೆ, ಯಾರನ್ನು ಯಾವ ಪಕ್ಷದ ಅಧ್ಯಕ್ಷರು ನೇಮಿಸಿದರೆಂದು ಎಲ್ಲರಿಗೂ ಗೊತ್ತು. ನಮ್ಮಲ್ಲಿ 34 ನ್ಯಾಯಮೂರ್ತಿಗಳು ಇಬ್ಬರು ಮೂವರಾಗಿ ಕೂರುತ್ತಾರೆ. ಲೋಕನೀತಿಯ ಸಮೀಕ್ಷೆಗಳಲ್ಲಿ ಸೇನೆಯ ನಂತರ ಜನ ಹೆಚ್ಚು ನಂಬುವುದು ನ್ಯಾಯಾಲಯಗಳನ್ನು, ಕೊನೆಯ ಸಾಲಿನಲ್ಲಿ ರಾಜಕೀಯ ಪಕ್ಷಗಳು.

ಗೆಲುವಿಗೆ ತಕ್ಕಂತೆ ನಂಬಿಕೆ ಬದಲಾಗುವುದಕ್ಕೆ ಮುಂಬಯಿ ಕನ್ನಡಿಗರು ಅಮೆರಿಕದವರೆಗೆ ಹೋಗಬೇಕಿಲ್ಲ. ಬೆಳಗಾವಿ ಗಡಿ ವಿವಾದಕ್ಕೆ ಆಯೋಗ ಬೇಕೆಂದು ಪಟ್ಟುಹಿಡಿದದ್ದು ಮಹಾರಾಷ್ಟ್ರ. 1966ರಲ್ಲಿ ಬಂದ ಆಯೋಗದ ಅಧ್ಯಕ್ಷರು ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್. 1967ರ ವರದಿ ಬೆಳಗಾವಿಯನ್ನು ಮೈಸೂರಿನಲ್ಲೇ ಉಳಿಸಿದಾಗ ಮಹಾರಾಷ್ಟ್ರ ಅದನ್ನು ತಿರಸ್ಕರಿಸಿತು. 1969ರ ಫೆಬ್ರವರಿಯಲ್ಲಿ ಶಿವಸೇನೆಯ ಗಡಿ ಚಳವಳಿ ಮುಂಬಯಿಯಲ್ಲಿ ದೊಡ್ಡ ಗಲಭೆಯಾಗಿ ಸ್ಫೋಟಿಸಿತು. ಅದೇ ವರದಿ ಕಾಸರಗೋಡಿನ ಭಾಗವನ್ನು ನಮಗೆ ಕೊಡಬೇಕೆಂದಾಗ ಕೇರಳ ಒಪ್ಪಲಿಲ್ಲ. ನಾವೇನೂ ಹೊರತಲ್ಲ. ಕಾವೇರಿ ನೀರು ಬಿಡಬೇಕೆಂದು 2016ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆದೇಶಿಸಿದಾಗ, ನೀರು ಕುಡಿಯುವುದಕ್ಕೆ ಮಾತ್ರ ಎಂದು ಕರ್ನಾಟಕದ ವಿಧಾನಮಂಡಲ ಪಕ್ಷಭೇದ ಮರೆತು ನಿರ್ಣಯ ಮಾಡಿತು. ಭಾಷೆ ಮತ್ತು ನೆಲಜಲದ ವಿಷಯದಲ್ಲಿ ಇಡೀ ರಾಜ್ಯವೇ ಒಂದು ಪಕ್ಷವಾಗುತ್ತದೆ.

ನಾಲ್ಕನೆಯ ವಾದ: ಯಾವಾಗ, ಯಾವ ಪೀಠದಲ್ಲಿ

'ಗೆದ್ದವ ಸೋತ, ಸೋತವ ಸತ್ತ' ಎಂದು ಕೋರ್ಟು ಕಚೇರಿ ಅಲೆದವರ ಗಾದೆ. ನಾಲ್ಕನೆಯ ವಾದ ಅದನ್ನು ಸಂವಿಧಾನದ ಮಟ್ಟಕ್ಕೆ ಏರಿಸುತ್ತದೆ: ತೀರ್ಪಿನಲ್ಲಿ ಏನಿದೆ ಎಂಬುದಕ್ಕಿಂತ ಅದು ಯಾವಾಗ ಬಂತು, ಯಾವ ಪೀಠದಿಂದ ಬಂತು ಎಂಬುದು ಮುಖ್ಯ. 2018ರ ಜನವರಿ 12ರಂದು ನಾಲ್ವರು ಹಿರಿಯ ನ್ಯಾಯಮೂರ್ತಿಗಳು ಪತ್ರಿಕಾಗೋಷ್ಠಿ ಕರೆದು ಹೇಳಿದ ದೂರು ಪ್ರಕರಣಗಳ ಹಂಚಿಕೆಯದು. ಅದಕ್ಕೆ ನೆಪವಾದದ್ದು ಮುಂಬಯಿಯ ಸಿಬಿಐ ವಿಶೇಷ ನ್ಯಾಯಾಧೀಶರಾಗಿದ್ದ ಬಿ.ಎಚ್. ಲೋಯಾ ಅವರ ಸಾವಿನ ಕುರಿತ ಅರ್ಜಿಗಳು. ಸಾವು ಸಹಜ, ತನಿಖೆ ಬೇಕಿಲ್ಲ ಎಂದು ಸುಪ್ರೀಂ ಕೋರ್ಟು 2018ರ ಏಪ್ರಿಲ್ 19ರಂದು ತೀರ್ಮಾನಿಸಿತು.

ಶಿವಸೇನೆಯ ಪ್ರಕರಣವನ್ನು ತಾರೀಖಿನ ಪ್ರಕಾರ ಓದಿದರೆ ಈ ವಾದದ ತೂಕ ತಿಳಿಯುತ್ತದೆ. 2022ರ ಜೂನ್: ಪಕ್ಷದೊಳಗೆ ಶಿಂದೆ ಬಣದ ಬಂಡಾಯ, ವಿಶ್ವಾಸಮತಕ್ಕೆ ತಡೆಯಿಲ್ಲ, ಹೊಸ ಸರ್ಕಾರ. 2023ರ ಫೆಬ್ರವರಿ 17: ಚುನಾವಣಾ ಆಯೋಗ ಹೆಸರು ಮತ್ತು ಬಿಲ್ಲುಬಾಣದ ಗುರುತನ್ನು ಶಿಂದೆ ಬಣಕ್ಕೆ ಕೊಟ್ಟಿತು. 2023ರ ಮೇ 11: ಸಂವಿಧಾನ ಪೀಠದ ಒಮ್ಮತದ ತೀರ್ಪು. ವಿಶ್ವಾಸಮತಕ್ಕೆ ಸೂಚಿಸಿದ ರಾಜ್ಯಪಾಲರ ಕ್ರಮಕ್ಕೆ ಆಧಾರವಿರಲಿಲ್ಲ, ಶಿಂದೆ ಬಣದ ವಿಪ್‌ಗೆ ಸ್ಪೀಕರ್ ಕೊಟ್ಟ ಮಾನ್ಯತೆ ಕಾನೂನುಬಾಹಿರ. ಆದರೆ ಠಾಕ್ರೆ ತಾವಾಗಿ ರಾಜೀನಾಮೆ ಕೊಟ್ಟದ್ದರಿಂದ ಹಳೆಯ ಸರ್ಕಾರ ಮರಳಿ ಬರಲಾರದು. 2024ರ ಜನವರಿ 10: ಶಿಂದೆ ಬಣವೇ ನಿಜವಾದ ಶಿವಸೇನೆ ಎಂದು ಸ್ಪೀಕರ್ ರಾಹುಲ್ ನಾರ್ವೇಕರ್ ತೀರ್ಪಿತ್ತರು, ಯಾರನ್ನೂ ಅನರ್ಹಗೊಳಿಸಲಿಲ್ಲ. ಅದರ ಮೇಲಿನ ಅರ್ಜಿ, ಗುರುತಿನ ಮೇಲಿನ ಅರ್ಜಿ, ಎರಡೂ ತೀರ್ಮಾನವಾಗುವ ಮೊದಲೇ ಲೋಕಸಭೆ, ವಿಧಾನಸಭೆ ಎರಡು ಚುನಾವಣೆಗಳು ಮುಗಿದವು. ರಾಜ್ಯಪಾಲರು ತಪ್ಪು ಮಾಡಿದರು ಎಂಬ ಮಾತು ಹತ್ತು ತಿಂಗಳು ಮೊದಲು ಬಂದಿದ್ದರೆ ಮಹಾರಾಷ್ಟ್ರದ ರಾಜಕೀಯವೇ ಬೇರೆಯಾಗಿರುತ್ತಿತ್ತು.

ಮುಂಬಯಿ ಮಹಾನಗರ ಪಾಲಿಕೆಯ ಕಥೆಯೂ ಹೀಗೆಯೇ. 2022ರ ಮಾರ್ಚ್‌ನಲ್ಲಿ ಅವಧಿ ಮುಗಿದು ಆಡಳಿತಾಧಿಕಾರಿ ಬಂದರು. ಹಿಂದುಳಿದ ವರ್ಗಗಳ ಮೀಸಲಾತಿ ವ್ಯಾಜ್ಯದಿಂದಾಗಿ ಚುನಾವಣೆ ಮುಂದೆ ಮುಂದೆ ಹೋಯಿತು. ನಾಲ್ಕು ತಿಂಗಳಲ್ಲಿ ಚುನಾವಣೆ ಮುಗಿಸಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2025ರ ಮೇ 6ರಂದು. ಅಲ್ಲಿಯವರೆಗಿನ ಮೂರು ವರ್ಷ ವಾರ್ಡಿನ ಗಟಾರ, ನೀರಿನ ದೂರು ಹೇಳಲು ಕಾಂದಿವಲಿಯಿಂದ ಕುರ್ಲಾವರೆಗೆ ಯಾರಿಗೂ ನಗರಸೇವಕರಿರಲಿಲ್ಲ.

ವಿಳಂಬದ ಲಾಭ ಬಹುಮಟ್ಟಿಗೆ ಅಧಿಕಾರದಲ್ಲಿ ಕುಳಿತವರಿಗೇ. ಅದಕ್ಕೆ ಪಕ್ಷಪಾತದ ಉದ್ದೇಶ ಬೇಕೆಂದೇನಿಲ್ಲ. ಈ ವಾದದ ಬಲ ಇಲ್ಲಿದೆ: ಯಾರ ಮನಸ್ಸನ್ನೂ ಕೆದಕದೆ, ಕ್ಯಾಲೆಂಡರ್ ಹಿಡಿದೇ ಮಾತನಾಡಬಹುದು. ದೌರ್ಬಲ್ಯವೂ ಇದೆ. ಸಾವಿರಾರು ಪ್ರಕರಣಗಳ ಹೊರೆಯಲ್ಲಿ ಯಾವ ವಿಳಂಬ ಸಹಜ, ಯಾವುದು ಜಾಣತನ ಎಂದು ಹೊರಗಿನಿಂದ ಹೇಳುವುದು ಕಷ್ಟ.

ಇನ್ನೂ ಇತ್ಯರ್ಥವಾಗದ ಪ್ರಶ್ನೆಗಳು

ಒಂದು, ಪಕ್ಷದಲ್ಲಿದ್ದವರು ಎಷ್ಟು ವರ್ಷದ ನಂತರ ನ್ಯಾಯಪೀಠಕ್ಕೆ ಬರಬಹುದು? ಲಿಖಿತ ನಿಯಮವಿಲ್ಲ. ಹೆಗ್ಡೆ, ಕೃಷ್ಣ ಅಯ್ಯರ್ ಅಂಥವರನ್ನು ಹೊರಗಿಡುವ ನಿಯಮ ನಷ್ಟವೇ, ಯಾವ ನಿಯಮವೂ ಇಲ್ಲದಿರುವುದೂ ನಷ್ಟವೇ.

ಎರಡು, ನಿವೃತ್ತಿಯ ನಂತರದ ಬಿಡುವು. ಸಂವಿಧಾನದ 124(7)ನೇ ವಿಧಿ ಸುಪ್ರೀಂ ಕೋರ್ಟಿನಲ್ಲಿದ್ದವರು ಮತ್ತೆ ವಕೀಲಿಕೆ ಮಾಡುವುದನ್ನಷ್ಟೇ ತಡೆಯುತ್ತದೆ. ಮಾನವ ಹಕ್ಕು ಆಯೋಗದಂಥ ಕೆಲವು ಹುದ್ದೆಗಳಿಗೆ ನಿವೃತ್ತ ನ್ಯಾಯಮೂರ್ತಿಗಳು ಬೇಕೇಬೇಕು. ರಾಜಭವನ ಮತ್ತು ರಾಜ್ಯಸಭೆಗೆ ಬೇಕೇ ಎಂಬುದಕ್ಕೆ ಉತ್ತರ ಬಂದಿಲ್ಲ.

ಮೂರು, ಪಾರದರ್ಶಕತೆ ನಂಬಿಕೆಯನ್ನು ಹೆಚ್ಚಿಸುತ್ತದೆಯೇ? 2022ರ ಸೆಪ್ಟೆಂಬರ್ 27ರಂದು ಸಂವಿಧಾನ ಪೀಠಗಳ ನೇರ ಪ್ರಸಾರ ಶುರುವಾದಾಗ ಮೊದಲ ದಿನ ಜನ ನೋಡಿದ ಪ್ರಕರಣಗಳಲ್ಲಿ ಶಿವಸೇನೆಯದೂ ಒಂದು. ವಾದ ಎಲ್ಲರಿಗೂ ಕಂಡಿತು. ಪ್ರಕರಣ ಯಾವ ಪೀಠಕ್ಕೆ, ಯಾವ ತಾರೀಖಿಗೆ, ಯಾವ ಕಾರಣಕ್ಕೆ ಎಂಬುದು ಇಂದಿಗೂ ಕಾಣುವುದಿಲ್ಲ.

ನಾಲ್ಕು, ನಂಬಿಕೆಯ ಪ್ರಮಾಣವೇ ನ್ಯಾಯದ ಅಳತೆಗೋಲೇ? ತುರ್ತು ಪರಿಸ್ಥಿತಿ ಕಾಲದ 1976ರ ತೀರ್ಪನ್ನು 2017ರ ಆಗಸ್ಟ್ 24ರಂದು ಖಾಸಗಿತನದ ಪ್ರಕರಣದಲ್ಲಿ ತಳ್ಳಿಹಾಕಿದವರು ಡಿ.ವೈ. ಚಂದ್ರಚೂಡ್; ತಂದೆ ಬರೆದದ್ದನ್ನು ಮಗ ತಿದ್ದಿದಂತಾಯಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತಪ್ಪು ಒಪ್ಪಿಕೊಳ್ಳಲು 41 ವರ್ಷ ಬೇಕಾಯಿತು. ಅಷ್ಟು ಕಾಲ ಕಾಯುವ ತಾಳ್ಮೆಯನ್ನು ನಂಬಿಕೆ ಎನ್ನಬೇಕೋ ಮರೆವು ಎನ್ನಬೇಕೋ ಹೇಳುವುದು ಸುಲಭವಲ್ಲ.

ನಾಲ್ಕೂ ವಾದಗಳನ್ನು ತೂಗಿದ ಮೇಲೆ ಈ ಲೇಖಕನ ನಿಲುವು ಇಷ್ಟು. ನೇಮಕ ಮತ್ತು ನಿವೃತ್ತಿಯ ಪ್ರಶ್ನೆಗಳು ನಿಜವಾದವೇ, ಆದರೆ ಅವು ವ್ಯಕ್ತಿಗಳ ಒಳಮನಸ್ಸಿಗೆ ಸಂಬಂಧಿಸಿದವು, ಸಾಬೀತು ಮಾಡುವುದು ಕಷ್ಟ. ಕಾಲ ಮತ್ತು ಪೀಠದ ಪ್ರಶ್ನೆಗೆ ದಾಖಲೆ ಇದೆ, ಪರಿಹಾರವೂ ಇದೆ. ಚುನಾಯಿತ ಸರ್ಕಾರದ ಅಳಿವು ಉಳಿವಿನ ಪ್ರಕರಣಗಳಿಗೆ ಗೊತ್ತುಪಡಿಸಿದ ಅವಧಿ, ಪೀಠ ಹಂಚಿಕೆಗೆ ಪ್ರಕಟಿತ ನಿಯಮ, ಮುಂದೂಡಿಕೆಗೆ ಲಿಖಿತ ಕಾರಣ: ಇವಿಷ್ಟನ್ನು ಮಾಡಲು ಸಂವಿಧಾನ ತಿದ್ದುಪಡಿ ಬೇಕಿಲ್ಲ, ಕೋರ್ಟು ಮನಸ್ಸು ಮಾಡಿದರೆ ಸಾಕು. ನಾಗರಿಕರ ಪಾಲಿನದೂ ಒಂದಿದೆ. ಮುಂದಿನ ತೀರ್ಪು ಬಂದಾಗ ಯಾರು ಗೆದ್ದರು ಎಂದು ಕೇಳುವ ಮೊದಲು, ಅರ್ಜಿ ಬಿದ್ದದ್ದು ಎಂದು, ತೀರ್ಪಾದದ್ದು ಎಂದು, ಇದೇ ನಿಯಮದಿಂದ ಎದುರಾಳಿ ಗೆದ್ದಿದ್ದರೆ ನಾನು ಒಪ್ಪುತ್ತಿದ್ದೆನೇ ಎಂದು ಕೇಳಿಕೊಳ್ಳೋಣ. ಬೆಳಗಾವಿ ಕುರಿತು ಮಹಾರಾಷ್ಟ್ರ 2004ರಲ್ಲಿ ಹೂಡಿದ ದಾವೆ ಎರಡು ದಶಕ ಕಳೆದರೂ ತೀರ್ಮಾನವಾಗಿಲ್ಲ. ಅದರ ತೀರ್ಪು ಯಾವ ಕಡೆ ಬಂದರೂ ಒಪ್ಪಲು ಬೆಳಗಾವಿಯೂ ಮುಂಬಯಿಯೂ ಸಿದ್ಧವಾಗಬೇಕಾದರೆ, ಆ ಅಭ್ಯಾಸವನ್ನು ಈಗಲೇ ಶುರುಮಾಡಬೇಕು.